ಮುಖ ಬರೆಯದ ಪಟ

ಮೂವತ್ತೆಂಟನೆಯ ಇಸವಿ. ಸವಣೂರಿನಲ್ಲಿ ನನ್ನದೊಂದು ಚಿತ್ರಪಟಗಳ ಅಂಗಡಿಯಿತ್ತು. ಚಿತ್ರಗಾರ ಖಾದರಸಾಬ ಕುರ್ಚಿಯಲ್ಲಿ ಕುಳಿತ ಹೆಂಗಸರನ್ನು ಸೀರೆ, ಒಡವೆ ಸಮೇತ ಮೊದಲೇ ಬರೆದು, ಮುಖದ ಜಾಗ ಖಾಲಿ ಬಿಟ್ಟು ತಂದಿಡುತ್ತಿದ್ದ. ಗಿರಾಕಿಗಳು ತೀರಿಕೊಂಡವರ ಚಹರೆ ಹೇಳಿದ ಮೇಲೆ ಮುಖ ಬರೆಯುತ್ತಿದ್ದ.

ಅಂಥದೊಂದು ಹಸಿರು ಸೀರೆಯ ಪಟ ಒಣಗಿ ವರ್ಷವಾಗಿತ್ತು. ಮಗಳನ್ನು ಕಳೆದುಕೊಂಡಿದ್ದ ತಿಳವಳ್ಳಿಯ ನೀಲವ್ವ ಅದರ ಮುಂದೆ ನಿಂತವಳೇ ಅತ್ತುಬಿಟ್ಟಳು. "ಮತ್ತೇನ ಬರೀತೀರಿ? ನನ್ನ ಮಗಳ ಮಕಾ ಐತಲ್ಲ!"

ಮುಖದ ಜಾಗದಲ್ಲಿ ನನಗೆ ಕಂಡದ್ದು ಬರೀ ಖಾಲಿ ಬಟ್ಟೆ. ಹಸಿ ಬಣ್ಣದ ವಾಸನೆ ಮಾತ್ರ ಮೂಗಿಗೆ ಬಡಿಯಿತು. ಪಟವನ್ನು ಒಯ್ದವಳು ವಾರದೊಳಗೇ, "ಮನ್ಯಾಗ ಕಾಣವಲ್ದುರಿ" ಎಂದು ಮರಳಿಸಿದಳು. ದುಃಖದ ಕಣ್ಣಿಗೆ ಏನೇನೋ ಕಾಣುತ್ತದೆ ಎಂದುಕೊಂಡೆ. ಆಮೇಲೆ ಯಲವಿಗಿಯ ವ್ಯಾಪಾರಿಯೊಬ್ಬರು ಅದರಲ್ಲೇ ಸತ್ತ ತಾಯಿಯನ್ನು ಕಂಡರು. ಆಗಲೂ ಅದೇ ವಾಸನೆ.

ಖಾದರಸಾಬನಿಗೆ ಹೇಳಿದೆ. "ನಿಮಗೇನರ ಕಾಣತೈತೇನ್ರಿ?" ಎಂದು ಕೇಳಿದ. ಇಲ್ಲವೆಂದೆ. "ಹಂಗಾದ್ರ ಚಲೋ ಆತು."

ಒಂದು ಮಧ್ಯಾಹ್ನ ಮನೆಯಲ್ಲಿ ಉಂಡು ಬಂದು ಅಂಗಡಿ ತೆರೆದರೆ ಒಳಗೆಲ್ಲ ಹಸಿ ಬಣ್ಣದ ವಾಸನೆ. ಪಟದಲ್ಲಿ ನನ್ನ ಹೆಂಡತಿಯ ಮುಖವಿತ್ತು.

ಮನೆಗೆ ಓಡಿದೆ. ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಯಾಕ್ರಿ, ಈಗಷ್ಟ ಹೋಗಿದ್ರಿ, ಮತ್ತ ಬಂದ್ರಿ?" ಎಂದಳು.

ಪಕ್ಕದಲ್ಲಿ ಕುಳಿತೆ. ಅವಳ ಸೆರಗಿನಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು.