ತೊಂಬತ್ತಾರು ಬ್ಲಾಕುಗಳ ಗೋಡೆ

ಸೋಮವಾರ ಬೆಳಿಗ್ಗೆ 8.10ಕ್ಕೆ ಠಾಣೆಗೆ ಬಂದ ಟೀಚರಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಶಿಶುವಿಹಾರ ನಡೆಸುವ ಹೆಂಗಸು. ದಿನವೂ ಹದಿನೇಳು ಪುಟಾಣಿಗಳನ್ನು ಸಂಭಾಳಿಸಿ ಗಂಟಲು ಕಂಚಿನಂತಾಗಿತ್ತು.

“ನನ್ನ ಗೋಡೆ ಕೆಡವಿದ್ದಾರೆ. ಯಾರು ಅಂತ ಹುಡುಕಿ ಒಳಗೆ ಹಾಕಿ!”

ಇನ್ಸ್‌ಪೆಕ್ಟರ್ ಇನ್ನೂ ಕಾಫಿ ಲೋಟಕ್ಕೆ ತುಟಿ ಹಚ್ಚಿರಲಿಲ್ಲ. “ಯಾವ ಗೋಡೆ?”

“ಶಾಲೆ ಹಿಂದಿನ ದಿಬ್ಬ ಜಾರದ ಹಾಗೆ ಕಟ್ಟಿಸಿದ್ದು. ಮೂರು ವರ್ಷ ಕಂಡಕಂಡವರ ಬಾಗಿಲು ತಟ್ಟಿ ಕಟ್ಟಿಸಿದ್ದೀನಿ. ನಾಳೆ ಜೋರು ಮಳೆ ಅಂತ ಬೇರೆ ಹೇಳ್ತಿದ್ದಾರೆ. ಮಕ್ಕಳು ಮಲಗೋ ಕೋಣೆ ಅದರ ಬುಡದಲ್ಲೇ ಇದೆ ಸಾರ್.”

ಕಾಫಿ ಅಲ್ಲೇ ಉಳಿಯಿತು. ಆಸ್ತಿ ಹಾನಿಯೆಂದು ಎಫ್‌ಐಆರ್ ದಾಖಲಿಸಿ 9.25ಕ್ಕೆ ಸ್ಥಳಕ್ಕೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೆಬಲ್. ಏನು ಕಂಡರೂ ಅಳೆಯುವ ಆ ಪುಣ್ಯಾತ್ಮನಿಗೆ ಠಾಣೆಯಲ್ಲಿ ಟೇಪು ಎಂದೇ ಹೆಸರು.

ಟೇಪು ಅಳೆದ. ಇಪ್ಪತ್ನಾಲ್ಕು ಅಡಿ ಗೋಡೆಯಲ್ಲಿ ಮಕ್ಕಳ ಕೋಣೆಯ ಹಿಂದಿನ ಹದಿನಾರು ಅಡಿ ಮಾಯ. ಸಾಮಾನಿನ ಶೆಡ್ಡಿನ ಹಿಂದಿನ ಎಂಟಡಿ ಮಾತ್ರ ನಿಂತಿತ್ತು. ಕಿತ್ತ ಬ್ಲಾಕುಗಳು ಅಲ್ಲೇ ಇದ್ದವು. ಇಡಿಯವು ಒಂದು ಕಡೆ, ಒಡೆದವು ಇನ್ನೊಂದು ಕಡೆ, ಗಾರೆ ಕೆರೆದು, ಒಪ್ಪವಾಗಿ ಜೋಡಿಸಿದ್ದವು.

“ತೊಂಬತ್ತಾರು ಸಾರ್. ಒಂದೂ ಕಮ್ಮಿ ಇಲ್ಲ.”

“ಅಲ್ಲಯ್ಯಾ, ಇದೆಂಥ ಪುಂಡಾಟ? ನನ್ನ ಮನೆಯಲ್ಲಿ ಪಾತ್ರೆಯೂ ಇಷ್ಟು ನೀಟಾಗಿ ಇರಲ್ಲ.”

ಅಷ್ಟೇ ಅಲ್ಲ. ಗೋಡೆಯಿದ್ದ ಕಡೆ ದಿಬ್ಬದ ಮಣ್ಣನ್ನು ಇಳಿಜಾರಾಗಿ ಕಡಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿದ್ದರು. ಪಾಯದ ಮೇಲೆ ಕಂಬಿಯ ಮೊಂಡು ತುದಿಗಳು ಸಾಲಾಗಿ ಕಾಣುತ್ತಿದ್ದವು. ಇನ್ಸ್‌ಪೆಕ್ಟರ್ ಬೆರಳಿಂದ ಉಜ್ಜಿ ನೋಡಿದರು. ತುಕ್ಕು. ಕಂಬಿ ಕತ್ತರಿಸಿದ್ದು ನಿನ್ನೆ ಮೊನ್ನೆಯ ಕೆಲಸವಲ್ಲ. ಅದನ್ನೂ ಪಂಚನಾಮೆಯಲ್ಲಿ ಬರೆಸಿ ಇಬ್ಬರು ಪಂಚರ ಸಹಿ ಹಾಕಿಸಿದರು.

ಪಕ್ಕದ ಮನೆಯ ಟೈಲರ್ ಎಲ್ಲವನ್ನೂ ಕಣ್ಣಾರೆ ನೋಡಿದ್ದ.

“ನೋಡಿ ಸುಮ್ಮನಿದ್ರಾ?”

“ರಿಪೇರಿ ಅನ್ಕೊಂಡೆ ಸಾರ್. ಶನಿವಾರ, ಭಾನುವಾರ, ಎರಡು ದಿನವೂ ಒಬ್ಬನೇ. ಹಾಡುಹಗಲು. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ. ಗೋಡೆ ಕೆಡವೋಕೆ ಬಂದ ಕಳ್ಳ ಕೂತು ಊಟ ಮಾಡ್ತಾನಾ?”

“ಮುಖ?”

“ಟವೆಲ್ ಸುತ್ತಿದ್ದ. ಸುತ್ತಿಗೆ ಮಾತ್ರ ಎಡಗೈಲಿತ್ತು.”

ಹಿಂದೆ ನಿಂತಿದ್ದ ಟೀಚರಮ್ಮನ ಮುಖ ಬಿಳಿಚಿತು. “ಈ ಗೋಡೆ ಕಟ್ಟಿದ ಮೇಸ್ತ್ರಿ ಎಡಚ. ಆದರೆ ಅವರಲ್ಲ, ಸಾಧ್ಯವೇ ಇಲ್ಲ! ಅವರ ಮೊಮ್ಮಗಳು ನನ್ನ ಹತ್ರಾನೇ ಬರ್ತಾಳೆ.”

11.50ಕ್ಕೆ ಮೇಸ್ತ್ರಿಯ ಮನೆ. ಅಂಗಳದಲ್ಲಿ ಕೂತು ಗಾರೆ ಮೆತ್ತುವ ಕರಣೆ ತೊಳೆಯುತ್ತಿದ್ದ ಮುದುಕ ತಲೆಯೆತ್ತಿದ. ಅಂಗೈ ತುಂಬ ಬೊಬ್ಬೆ.

“ಬರ್ತೀರಿ ಅಂತ ಗೊತ್ತಿತ್ತು ಸಾರ್. ನಾನೇ ಕೆಡವಿದ್ದು.”

“ಯಾಕೆ?”

“ನಿಂತಿದ್ದರೆ ಬೀಳ್ತಿತ್ತು.”

“ಕಟ್ಟಿದ್ದೂ ನೀವೇ ಅಲ್ವಾ?”

“ಅದಕ್ಕೇ ಗೊತ್ತು.” ಅವನು ಕರಣೆ ಕೆಳಗಿಟ್ಟ. “ಪಾಯದಿಂದ ಎದ್ದ ಕಂಬಿ ಬ್ಲಾಕಿನ ತೂತಿನೊಳಗೆ ಹಾಯಬೇಕು, ಆಮೇಲೆ ಕಾಂಕ್ರೀಟ್ ತುಂಬಬೇಕು. ಆಗಲೇ ಗೋಡೆಗೆ ಬೆನ್ನುಮೂಳೆ. ಪಾಯದವರು ಬಲಗಡೆ ಮೂಲೆಯಿಂದ ಅಳೆದು ಕಂಬಿ ನಿಲ್ಲಿಸಿದ್ರು. ನಾನು ಎಡಚ, ರೂಢಿಯಂತೆ ಎಡಗಡೆಯಿಂದ ಶುರು ಮಾಡಿದೆ. ನಾಲ್ಕು ಇಂಚು ಹೆಚ್ಚುಕಮ್ಮಿ ಆಯ್ತು. ಒಂದು ಕಂಬಿಯೂ ತೂತಿಗೆ ಬರಲಿಲ್ಲ.”

“ಆಗ?”

“ಕಿತ್ತು ಮತ್ತೆ ಶುರು ಮಾಡಬೇಕಿತ್ತು. ನಲವತ್ತು ವರ್ಷದ ಮೇಸ್ತ್ರಿ ನಾನು, ಮರ್ಯಾದೆ ಅಡ್ಡ ಬಂತು. ಕಂಬಿ ಕತ್ತರಿಸಿಬಿಟ್ಟೆ. ಗೋಡೆ ದಾರ ಹಿಡಿದ ಹಾಗೆ ನೆಟ್ಟಗೆ ಎದ್ದಿತು. ಒಳಗೆ ಬರೀ ಪೊಳ್ಳು.”

“ಟೀಚರ್‌ಗೆ ಹೇಳಬಹುದಿತ್ತಲ್ಲ?”

ಮುದುಕ ಅಂಗೈಯ ಬೊಬ್ಬೆ ಸವರಿಕೊಂಡ. “ಮೂರು ಸಲ ಹೋದೆ. ಮೂರು ಸಲವೂ ಆ ತಾಯಿ ಕಾಫಿ ಕೈಗಿಟ್ಟು, ‘ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕು ಮೇಸ್ತ್ರಿ’ ಅಂದ್ರು. ನಾಲ್ಕು ವರ್ಷ ಬಾಯೇ ಬಿಡದ ನನ್ನ ಮೊಮ್ಮಗಳನ್ನ ಒಂದು ವರ್ಷ ಮಡಿಲಲ್ಲಿ ಕೂರಿಸಿಕೊಂಡು ‘ತಾತ’ ಅನ್ನಿಸಿದೋರು ಅವರು. ಅವರೆದುರು ನಾಲಿಗೆ ಏಳಲಿಲ್ಲ ಸಾರ್. ಮಳೆ ಸುದ್ದಿ ಕೇಳಿದೆ. ಮಕ್ಕಳಿಲ್ಲದ ಎರಡು ದಿನ ನೋಡಿ ಸುತ್ತಿಗೆ ಎತ್ಕೊಂಡೆ. ಶೆಡ್ಡಿನ ಹಿಂದಿನ ಎಂಟಡಿ ಆಗಲಿಲ್ಲ, ಸೊಂಟ ಹಿಡೀತು. ಅಲ್ಲಿಗೆ ಯಾರನ್ನೂ ಬಿಡಬೇಡಿ.”

ಇನ್ಸ್‌ಪೆಕ್ಟರ್ ಪೂರ್ತಿ ನಂಬಲಿಲ್ಲ. ನಂಬುವುದಕ್ಕೆ ಸರ್ಕಾರ ಅವರಿಗೆ ಸಂಬಳ ಕೊಡುತ್ತಿರಲಿಲ್ಲ. ಹೇಳಿಕೆ ದಾಖಲಿಸಿಕೊಂಡು, ಮರುದಿನ ಠಾಣೆಗೆ ಬರುವಂತೆ ನೋಟಿಸ್ ಕೊಟ್ಟರು. ಆದರೂ ತುಕ್ಕು ಹಿಡಿದ ಕಂಬಿ ನೆನಪಾಯಿತು. ಟೇಪುವನ್ನು ಕಳಿಸಿ ಶೆಡ್ಡಿಗೆ ಬೀಗ ಹಾಕಿಸಿದರು, ಸುತ್ತ ಹಗ್ಗ ಕಟ್ಟಿಸಿದರು, ಮಕ್ಕಳನ್ನು ಮುಂದಿನ ಕೋಣೆಗೆ ಸಾಗಿಸಲು ಹೇಳಿದರು.

ಮಂಗಳವಾರ ಬೆಳಗಿನಿಂದಲೇ ಮಳೆ ಹಿಡಿಯಿತು. ಮಧ್ಯಾಹ್ನ 1.20ಕ್ಕೆ ಟೇಪುವಿನ ಫೋನು.

“ಸಾರ್, ಉಳಿದ ಗೋಡೆ ಬಿತ್ತು. ಶೆಡ್ಡು ಅಪ್ಪಚ್ಚಿ. ಒಳಗಿದ್ದ ತೊಟ್ಟಿಲು, ಪುಟ್ಟ ಕುರ್ಚಿ ಒಂದೂ ಉಳಿದಿಲ್ಲ.”

“ಮಕ್ಕಳು?”

“ಮುಂದಿನ ಕೋಣೇಲಿ ನಿದ್ದೆ ಮಾಡ್ತಿವೆ. ಮೇಸ್ತ್ರಿ ಕೆಡವಿದ ಕಡೆ ಒಂದು ಹಿಡಿ ಮಣ್ಣೂ ಜಾರಿಲ್ಲ ಸಾರ್.” ಜೀವಮಾನದಲ್ಲಿ ಮೊದಲ ಸಲ ಟೇಪು ಅಳತೆ ಹೇಳುವುದನ್ನು ಮರೆತಿದ್ದ.

ಇನ್ಸ್‌ಪೆಕ್ಟರ್ ಫೋನಿಟ್ಟು ಕಣ್ಣು ಮುಚ್ಚಿ ಕೂತರು. ಸದ್ಯ, ಅಬ್ಬಾ, ಸದ್ಯ!

4.00 ಗಂಟೆಗೆ ಮೇಸ್ತ್ರಿ ನೋಟಿಸ್ ಹಿಡಿದು ತಾನಾಗಿಯೇ ಬಂದ. ಹಿಂದೆಯೇ ಟೀಚರಮ್ಮ, ಸೀರೆಯ ಅಂಚೆಲ್ಲ ಕೆಸರು.

“ದೂರು ವಾಪಸ್ ತಗೋತೀನಿ.”

“ಹಾಗೆಲ್ಲ ಆಗಲ್ಲಮ್ಮ. ಕೇಸು ಕೋರ್ಟಿಗೆ ಹೋಗುತ್ತೆ, ಅಲ್ಲಿ ರಾಜಿ ಮಾಡ್ಕೊಳ್ಳಿ. ಈಗ ದಸ್ತಗಿರಿ ಮಾಡಲೇಬೇಕು. ಜಾಮೀನಿಗೆ ಒಬ್ಬರು ಸಹಿ ಹಾಕಿದರೆ ಇಲ್ಲಿಂದಲೇ ಬಿಡ್ತೀನಿ.”

“ಎಲ್ಲಿ ಹಾಕಬೇಕು, ತೋರಿಸಿ.”

4.15ಕ್ಕೆ ದಸ್ತಗಿರಿ, 4.30ಕ್ಕೆ ಬಿಡುಗಡೆ. ಕೇಸ್ ಡೈರಿಯ ಕೊನೆಗೆ ಇನ್ಸ್‌ಪೆಕ್ಟರ್ ಬರೆದರು: ‘ಆರೋಪಿಯು ತನ್ನ ತಪ್ಪನ್ನು ಮುಚ್ಚಿಟ್ಟದ್ದು ನಾಚಿಕೆಯಿಂದ. ಗೋಡೆ ಕೆಡವಿದ್ದು ಮೊಮ್ಮಗಳಿಗೆ ಮಾತು ಕಲಿಸಿದವರ ಉಪಕಾರ ಸ್ಮರಣೆಯಿಂದ.’ ಆಮೇಲೆ ಎದ್ದು, ಮುದುಕನ ಬೊಬ್ಬೆ ಬಂದ ಎಡಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅದನ್ನು ಡೈರಿಯಲ್ಲಿ ಬರೆಯಲಿಲ್ಲ.

ಬಾಗಿಲಲ್ಲಿ ಟೀಚರಮ್ಮ ಮೇಸ್ತ್ರಿಯನ್ನು ತಡೆದಳು. ಕಣ್ಣಲ್ಲಿ ನೀರು, ದನಿ ಮಾತ್ರ ಗದರಿಕೆಯದೇ. “ಗೋಡೆ ನೀವೇ ಕಟ್ಟಬೇಕು. ಈ ಸಲ ಒಂದೊಂದು ಕಂಬಿಯನ್ನೂ ನಾನೇ ನಿಂತು ನೋಡ್ತೀನಿ.”

“ಧಾರಾಳವಾಗಿ ನೋಡಿ ತಾಯಿ,” ಎಂದ ಮುದುಕ. “ಕಾಫಿ ಮಾತ್ರ ಗೋಡೆ ಮುಗಿದ ಮೇಲೆ ಕೊಡಿ.”