ಮೊಟ್ಟೆಯವರ ಸಾಲು

“ಬಾಳೆಹಣ್ಣಿನವ್ರು ಜಗಲಿಲಿ ಕೂತ್ಕೊಳ್ಳಿ. ಮೊಟ್ಟೆಯವ್ರು ಸೌದೆ ಕೊಟ್ಟಿಗೆ ಹಿಂದೆ ಹೋಗಿ,” ಎಂದರು ಅನುಶ್ರೀ ಟೀಚರ್. ಅವರು ಯಾರ ಮುಖವನ್ನೂ ನೋಡಲಿಲ್ಲ.

ಹಂಸಿನಿಯ ಬಿಸಿಯೂಟದ ತಟ್ಟೆಯಲ್ಲಿ ಬಾಳೆಹಣ್ಣಿತ್ತು. ಎಸ್ಟೇಟಿನ ಕೂಲಿ ಲೈನಿನ ಮನೆಯಿಂದ ಬರುವ ಮುದ್ದಿಯ ತಟ್ಟೆಯಲ್ಲಿ ಮೊಟ್ಟೆ. ಒಂದನೇ ಕ್ಲಾಸಿನಿಂದ ಇಬ್ಬರೂ ಪಕ್ಕದಲ್ಲೇ ಕೂತು ಉಂಡವರು.

“ಯಾಕೆ ಟೀಚರ್?” ಎಂದಳು ಹಂಸಿನಿ.

“ನೀನು ಅರ್ಚಕರ ಮಗಳು, ಮೊಟ್ಟೆ ಪಕ್ಕ ಕೂತು ಉಣ್ಣೋದು ಸರಿಯಲ್ವಂತೆ. ದೇವಸ್ಥಾನದ ಕಮಿಟಿ ಶಿವಪ್ರಕಾಶ್ ಹೇಳ್ಕಳ್ಸಿದ್ದಾರೆ. ಸುಮ್ನೆ ಊಟ ಮಾಡು.”

“ನಿಂಗೋಸ್ಕರ ಅಂತೆ,” ಎಂದಳು ಮುದ್ದಿ. ತಿರುಗಿ ನೋಡದೆ ಕೊಟ್ಟಿಗೆಯ ಹಿಂದಕ್ಕೆ ಹೋದಳು.

ಮನೆಗೆ ಬಂದವಳೇ ಹಂಸಿನಿ ಬ್ಯಾಗು ಎಸೆದಳು. ಅಪ್ಪ ನಾಗೇಶ್ವರ ಕಾಫಿ ಕುಡಿಯುತ್ತಿದ್ದರು.

“ಮುದ್ದಿ ಪಕ್ಕ ಕೂರ್ಬಾರ್ದು ಅಂತ ನೀವು ಹೇಳಿದ್ರಾ ಅಪ್ಪ?”

“ನಾನೆಲ್ಲಿ ಹೇಳ್ದೆ? ಶಿವಪ್ರಕಾಶ್ ಹೇಳಿದ್ರು. ನಾನು ಸುಮ್ನಿದ್ದೆ.”

“ಯಾಕೆ ಸುಮ್ನಿದ್ರಿ?”

“ಅವ್ರನ್ನ ಎದುರು ಹಾಕ್ಕೊಂಡ್ರೆ ನಾಳೆ ಪೂಜೆಗೆ ಬೇರೆಯವ್ರನ್ನ ಕರೀತಾರೆ ಮಗಾ.”

ಅಮ್ಮ ಕಾತ್ಯಾಯನಿ ಅಡುಗೆಮನೆಯಿಂದಲೇ ಹೇಳಿದರು. “ಪೂಜೆ ದೇವಸ್ಥಾನದ್ದು, ಶಾಲೆ ಸರ್ಕಾರದ್ದು. ಅಲ್ಲಿ ಯಾರ ದೇವ್ರು, ಯಾರ ಊಟ ಅಂತ ನೋಡಿ ಮಕ್ಕಳನ್ನ ಬೇರೆ ಕೂರ್ಸೋ ಹಾಗಿಲ್ಲ. ಕಾನೂನಿದೆ.”

“ಕಾನೂನು ನಿನ್ನತ್ರ ಮಾತಾಡುತ್ತೆ. ಶಿವಪ್ರಕಾಶ್ ನನ್ನತ್ರ ಮಾತಾಡ್ತಾರೆ,” ಎಂದರು ಅಪ್ಪ.

ಹಂಸಿನಿ ಆ ರಾತ್ರಿ ಅಪ್ಪನ ಪಕ್ಕ ಊಟಕ್ಕೆ ಕೂರಲಿಲ್ಲ.

ಮರುದಿನ ಅವಳು ತಟ್ಟೆ ಹಿಡಿದುಕೊಂಡು ನೇರ ಕೊಟ್ಟಿಗೆಯ ಹಿಂದೆ ಹೋದಳು. ಮಕ್ಕಳು ಹಸಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು.

“ಜಗಲಿಲಿ ಜಾಗ ಇಲ್ವಾ?” ಎಂದಳು ಮುದ್ದಿ.

“ನಾನೂ ಇಲ್ಲೇ ಉಣ್ತೀನಿ.”

“ಉಣ್ಣು. ಮಳೆ ಬಂದ್ರೆ ನೀ ಎದ್ದು ಹೋಗ್ಬೋದು. ನಿಂಗೆ ಟೀಚರ್ ಬಾ ಅಂತಾರೆ. ನಂಗೆ ಅನ್ನಲ್ಲ.”

ಹಂಸಿನಿ ಅವಳ ಪಕ್ಕ ಹಸಿ ನೆಲದಲ್ಲೇ ಕೂತಳು. ಅಷ್ಟರಲ್ಲಿ ಅನುಶ್ರೀ ಟೀಚರ್ ಬಂದೇಬಿಟ್ಟರು.

“ಹಂಸಿನಿ, ಇಲ್ಲೇನ್ ಮಾಡ್ತಿದ್ದೀಯಾ? ಜಗಲಿಗೆ ಬಾ.”

ಮುದ್ದಿ ಕಿಸಕ್ಕನೆ ನಕ್ಕಳು. ಹಂಸಿನಿಯ ಕಿವಿ ಬಿಸಿಯಾಯಿತು.

“ಎಲ್ರೂ ಬರ್ತಾರಾ?”

“ಅವ್ರು ಹೇಗೆ ಬರ್ತಾರೆ?”

“ಹಾಗಾದ್ರೆ ನನ್ನ ಹೆಸರು ಹೇಳ್ಬೇಡಿ ಟೀಚರ್. ನಂಗೋಸ್ಕರ ಅನ್ಬೇಡಿ. ನಾನು ಕೇಳಿಲ್ಲ. ನಮ್ಮಪ್ಪನೂ ಕೇಳಿಲ್ಲ. ಇದು ಸರ್ಕಾರದ ಶಾಲೆ. ಇವ್ರನ್ನ ಇಲ್ಲಿ ಕೂರಿಸ್ಬೇಕು ಅಂತ ನಿಮ್ಗೆ ಅನ್ಸಿದ್ರೆ, ನಿಮ್ಗೆ ಅನ್ಸಿದೆ ಅಂತ ಹೇಳಿ.”

ಅವಳ ದನಿ ಜಗಲಿಗೂ ಕೇಳಿತು. ಅಲ್ಲಿ ತಟ್ಟೆಗಳ ಸದ್ದು ನಿಂತಿತು. ಟೀಚರ್ ಹೆಡ್‌ಮಾಸ್ಟರರ ರೂಮಿನ ಕಡೆ ಒಮ್ಮೆ ನೋಡಿದರು.

ಮುದ್ದಿ ಅವರನ್ನೇ ನೋಡುತ್ತಿದ್ದಳು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದಳು. ಟೀಚರ್ ಮುಂದೆಯೇ ಹಾದು ಜಗಲಿಯ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು.

ಟೀಚರ್ ಬನ್ನಿ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಕೊನೆಯಲ್ಲಿ ಹಂಸಿನಿ ಹೊರಟಳು. ಶಿವಪ್ರಕಾಶ್ ಈ ಶಾಲೆಯ ಒಳಗೆ ಒಂದು ದಿನವೂ ಬಂದಿರಲಿಲ್ಲ, ಸಾಲು ಬೇರೆ ಮಾಡಿದವರು ಒಳಗಿನವರೇ ಎಂಬುದು ಅವಳಿಗೆ ಆಗಷ್ಟೇ ಹೊಳೆಯಿತು.