ಬೆನ್ನು ಕಾಣುವ ಚೌಕಟ್ಟು

ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅವರಿಗೆ ಅಳತೆರಾಯರು ಎಂದೇ ಹೆಸರು. ಒಂದು ಗೆರೆ ಎಳೆಯಲು ಮೂರು ಸಲ ಅಳೆಯುವರು. ನಾನು ನಕ್ಕರೆ ಇನ್ನೊಂದು ಸಲ. ಹೊಟ್ಟು ಬೀಳದಂತೆ ನನ್ನ ಟೀ ಲೋಟದ ಮೇಲೆ ಸದಾ ಒಂದು ಮರದ ಚೂರು ಮುಚ್ಚಿರುತ್ತಿತ್ತು. ಮುಚ್ಚಿದ್ದು ಯಾರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ದೋಣಿ ಕಟ್ಟುವ ಕಾರ್ಖಾನೆಯಿಂದ ಅವರಿಗೆ ಕರೆ ಬಂತು. ಸೋಮವಾರ ಹೊರಡಬೇಕು. ಅಂದಿನಿಂದ ನಾನು ಮಾತು ಬಿಟ್ಟೆ. ಇರಿ ಎನ್ನಲು ನಾನು ಯಾರು?

"ಹೋಗೋ ಮುಂಚೆ ನಮ್ಮನೆ ಕನ್ನಡಿಗೊಂದು ಚೌಕಟ್ಟು ಮಾಡಿಬಿಡಪ್ಪ," ಎಂದರು ಅಪ್ಪ.

ಅಡ್ಡಪಟ್ಟಿಗಳು ಅವರಿಗೆ, ಉದ್ದಪಟ್ಟಿಗಳು ನನಗೆ. ಮೂಲೆಯಲ್ಲಿ ಎರಡರದೂ ಅರ್ಧ ದಪ್ಪ ಕೆತ್ತಿ, ಒಂದರ ಮೇಲೊಂದು ಕೂರಿಸುವ ಲ್ಯಾಪ್ ಜಾಯಿಂಟ್. ಒಂದನ್ನು ಗೋಡೆಗೆ ತಾಗುವ ಬೆನ್ನಿನ ಕಡೆ ಕೆತ್ತಬೇಕು. ಅದರ ಮುಖ ಪೂರ್ತಿ ಕಾಣುತ್ತದೆ. ಇನ್ನೊಂದನ್ನು ಮುಖದ ಕಡೆಯೇ ಕೆತ್ತಬೇಕು. ಅದರ ತುದಿ ಹಿಂದೆ ಅಡಗುತ್ತದೆ. ಯಾವುದು ಯಾವುದೆಂದು ಮೊದಲೇ ಮಾತಾಡಿಕೊಳ್ಳಬೇಕು. ನಾವು ಮಾತಾಡಲಿಲ್ಲ.

ಭಾನುವಾರ ಮಧ್ಯಾಹ್ನ ಜೋಡಿಸಹೋದರೆ ಮೂಲೆಗಳು ಕೂರಲೊಲ್ಲವು. ಎಲ್ಲ ಪಟ್ಟಿಗಳನ್ನೂ ಮುಖದ ಕಡೆಯೇ ಕೆತ್ತಿಬಿಟ್ಟಿದ್ದೆವು.

"ನೀವ್ಯಾಕೆ ಮುಖ ಕೆತ್ತಿದ್ರಿ?" ಎಂದೆ.

"ನಿಮ್ಮದು ಮುಂದೆ ಕಾಣಲಿ ಅಂತ. ನೀವು?"

ನನ್ನ ಕಿವಿ ಬಿಸಿಯಾಯಿತು. "ನಾನೂ ಅದಕ್ಕೇ."

ಅವರು ಅಳತೆಪಟ್ಟಿ ಎತ್ತಿಕೊಂಡರು. ಏನನ್ನೂ ಅಳೆಯದೆ ಕೆಳಗಿಟ್ಟರು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಗದರಿದರು: "ಮರಕ್ಕಂತೂ ಮಾತು ಬರಲ್ಲ. ನಿಮಗೂ ಬರಲ್ವಾ?" ಹಾಗೆಂದವರು ಟೀ ತರುವ ನೆಪದಲ್ಲಿ ಹೊರಟೇಬಿಟ್ಟರು.

"ಹೊಸ ಪಟ್ಟಿ ಮಾಡೋಕೆ ನಾಳೆಯೂ ಬೇಕಾಗುತ್ತೆ," ಎಂದರು ಅವರು, ಹೊಟ್ಟಿನ ರಾಶಿ ನೋಡುತ್ತ.

"ನಾಳೆ ಬಸ್ಸಿಗೆ ಹೋಗ್ಬೇಕಲ್ಲ?"

"ನೀವು ಇರಿ ಅಂದ್ರೆ ಹೋಗಲ್ಲ. ಯಾವತ್ತೂ."

"ದೊಡ್ಡ ಮಾತು. ಅಳೆದು ನೋಡಿದ್ರಾ?"

"ಮೂರು ಸಲ."

ನನಗೆ ನಗು ಬಂತು. ಅವರು ಕಣ್ಣೆತ್ತಿದರು. "ನಕ್ಕಿರಿ. ಇನ್ನೊಂದ್ಸಲ ಅಳೀಬೇಕಾ?"

"ಬೇಡ. ಇರಿ."

ಹೊಸ ಪಟ್ಟಿಯೂ ಬೇಡವೆಂದೆ. ನನ್ನವೆರಡನ್ನೂ ಮಗುಚಿ ಹಾಕಿದೆ. ಮೂಲೆಗಳು ಸದ್ದಿಲ್ಲದೆ ಕೂತವು. ಗಂಟುಗಂಟಾದ ಬೆನ್ನು ಮಾತ್ರ ಮುಂದೆ ಬಂತು.

"ನಿಮ್ಮದು ಚೆನ್ನಾಗಿರೋ ಕಡೆ ಗೋಡೆಗೆ ಹೋಯ್ತಲ್ಲ," ಎಂದು ಅವರು ನೊಂದುಕೊಂಡರು.

"ನಿಮಗೆ ಗೊತ್ತಲ್ಲ, ಸಾಕು."

ಆ ಕನ್ನಡಿ ಈಗಲೂ ನಮ್ಮ ಕೋಣೆಯಲ್ಲಿದೆ. ಬಂದವರು, "ಇದೇನು, ಎರಡು ಬದಿ ಇಷ್ಟು ಒರಟು?" ಎಂದರೆ ಅಳತೆರಾಯರು ನನ್ನ ಕಡೆ ನೋಡುತ್ತಾರೆ. ನಾನು ಕನ್ನಡಿಯೊಳಗಿಂದ ಅವರನ್ನು ನೋಡುತ್ತೇನೆ.